ಮೋಹನ ಅಂಕಲ್‌ರ ಧೂಮಕೇತು, ಕಾತ್ಯಾಯಿನಿಯ ಬಿಳಿ ಪಂಚೆ

ಕ್ರೈಸ್ಟ್‌ಚರ್ಚ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಸಿಗುವ ಕುರಿ ಫಾರ್ಮು. ಬೆಳಕು ಇನ್ನೂ ಹರಿದಿಲ್ಲ. ಹುಲ್ಲಿನ ಮೇಲೆ ಕಟ್ಟಿದ ಹಿಮ ಬೂಟಿನಡಿ ಕರಕರ ಎನ್ನುತ್ತಿದೆ. ಉದ್ದನೆಯ ತಗಡಿನ ಶೆಡ್ಡಿನ ಛಾವಣಿ ಹಳಿಯ ಮೇಲೆ ಪಕ್ಕಕ್ಕೆ ಸರಿದಿದೆ; ಒಳಗೆ ಒಂಬತ್ತು ಟೆಲಿಸ್ಕೋಪುಗಳು ಆಕಾಶಕ್ಕೆ ಬಾಯ್ತೆರೆದು ನಿಂತಿವೆ. ಅವುಗಳ ನಡುವೆ, ಉಣ್ಣೆ ಟೋಪಿ ಹಾಕಿಕೊಂಡು, ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟ ಹೆಂಗಸೊಬ್ಬರು ಬಿಳಿ ಪಂಚೆಯೊಂದನ್ನು ಕೊಡವಿ, ಒಂದು ಟೆಲಿಸ್ಕೋಪಿನ ಬಾಯಿಗೆ ಬಿಗಿಯಾಗಿ ಕಟ್ಟುತ್ತಿದ್ದಾರೆ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುತ್ತಾರಲ್ಲ, ಹಾಗೆ.

ಇವರು ಕಾತ್ಯಾಯಿನಿ, ದಾವಣಗೆರೆಯವರು. ಪೂರ್ವದಲ್ಲಿ ನಸುಬೆಳಕು ಮೂಡಿ ನಕ್ಷತ್ರಗಳು ಮರೆಯಾಗುವವರೆಗೆ ಇವರ ಕೆಲಸ ಶುರುವಾಗುವಂತಿಲ್ಲ. ಸೂರ್ಯ ಮೇಲೆ ಬಂದರೆ ಕ್ಯಾಮೆರಾಕ್ಕೆ ಕಣ್ಣು ಕುಕ್ಕುತ್ತದೆ, ಕೆಲಸ ಅಲ್ಲಿಗೆ ಮುಗಿಯಿತು. ನಡುವೆ ಸಿಗುವ ಇಪ್ಪತ್ತು ನಿಮಿಷದಲ್ಲಿ ಒಂಬತ್ತಕ್ಕೂ ಪಂಚೆ ಕಟ್ಟಿ, ಬಿಚ್ಚಿ, ಒಂದೊಂದರಿಂದಲೂ ಬರಿದಾದ ಆಕಾಶದ ಚಿತ್ರ ತೆಗೆಯಬೇಕು. ಬೆಳಕು ಏರಿದಂತೆ ಪಂಚೆಗೆ ಮಡಿಕೆಯೂ ಏರುತ್ತದೆ. ಮೊದಲು ಕಟ್ಟುವುದಕ್ಕೆ ಒಂಟಿ ಪದರ ಸಾಕು, ಕೊನೆಗೆ ಕಟ್ಟುವುದಕ್ಕೆ ನಾಲ್ಕು ಪದರ ಬೇಕು.

"ನಾನು ತೆಗ್ದ ಫೋಟೋ ಯಾರಿಗೂ ತೋರ್ಸಂಗಿಲ್ರಿ," ಎಂದು ನಗುತ್ತಾರೆ. "ಗ್ವಾಡಿ ಫೋಟೋ ತೆಗ್ದಂಗ ಇರ್ತೈತಿ. ನಮ್ಮವ್ವ ವಾಟ್ಸ್ಯಾಪ್‌ನಾಗ ನೋಡಿ, 'ಇಷ್ಟು ದೂರ ಹೋಗಿ ಇದನ್ನಾ ಮಾಡೋದು?' ಅಂದ್ಲು."

ಇದನ್ನೇ ಮಾಡುವುದು. ಕ್ಯಾಂಟರ್ಬರಿ ಬಯಲಿನಲ್ಲಿ ವಸಂತ ಬಂತೆಂದರೆ ನಾರ್ವೆಸ್ಟರ್ ಎಂಬ ಬಿಸಿಗಾಳಿ ಎದ್ದು, ಉತ್ತ ಹೊಲದ ಮಣ್ಣನ್ನೆಲ್ಲ ಹೊತ್ತು ತರುತ್ತದೆ. ಎಷ್ಟೇ ಮುಚ್ಚಿಟ್ಟರೂ ಒಂದೆರಡು ಕಣ ಕ್ಯಾಮೆರಾದ ಮುಂದಿನ ಗಾಜಿನ ಮೇಲೆ ಹೋಗಿ ಕೂರುತ್ತವೆ. ಆ ಕ್ಯಾಮೆರಾದಲ್ಲಿ ತೆಗೆದ ಪ್ರತಿ ಚಿತ್ರದಲ್ಲೂ ಕಣ ಇದ್ದ ಕಡೆ ಮಸುಕು ಉಂಗುರ ಬೀಳುತ್ತದೆ. ಕಾತ್ಯಾಯಿನಿಯವರ ಬರಿ ಆಕಾಶದ ಚಿತ್ರದಲ್ಲಿ ಆ ಉಂಗುರ ಬಿಟ್ಟರೆ ಬೇರೇನೂ ಇರುವುದಿಲ್ಲ. ಅದನ್ನು ನೋಡಿಕೊಂಡು ಕಂಪ್ಯೂಟರು, ನಕ್ಷತ್ರದ ಚಿತ್ರದಲ್ಲಿ ಅದೇ ಜಾಗದ ಮಸುಕನ್ನು ಒರೆಸಿ ಹಾಕುತ್ತದೆ. ಒರೆಸಿದ ಚಿತ್ರ ಗೋಡೆಗೇರುತ್ತದೆ, ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಒರೆಸಲು ಬೆಳಗಿನ ಚಳಿಯಲ್ಲಿ ಪಂಚೆ ಕಟ್ಟಿದವರ ಹೆಸರನ್ನು ಇದುವರೆಗೆ ಯಾರೂ ಕೇಳಿಲ್ಲ.

ಟೆಲಿಸ್ಕೋಪುಗಳು ಗ್ರೇಮ್ ಎಂಬ ಮಾಜಿ ಕುರಿಗಾಹಿಯವು. ಕುರಿಗಿಂತ ಆಕಾಶದಲ್ಲಿ ತಲೆನೋವು ಕಡಿಮೆ ಎಂದು ಲೆಕ್ಕ ಹಾಕಿ ಈ ಶೆಡ್ಡು ಕಟ್ಟಿಸಿದರಂತೆ. ಯಾವ ಊರಿನಲ್ಲಿದ್ದರೂ ಸರಿ, ಬಾಡಿಗೆ ಕಟ್ಟಿ, ಮನೆಯ ಕಂಪ್ಯೂಟರಿನ ಮುಂದೆ ಕೂತು ಇಲ್ಲಿನ ಟೆಲಿಸ್ಕೋಪನ್ನು ತಿರುಗಿಸಬಹುದು, ಚಿತ್ರ ತೆಗೆಯಬಹುದು. ರಾತ್ರಿಯೆಲ್ಲ ಗಿರಾಕಿಗಳದ್ದು, ಬೆಳಗಿನ ಜಾವ ಕಾತ್ಯಾಯಿನಿಯದ್ದು. ಗಿರಾಕಿ ತೆಗೆದ ಚಿತ್ರದಿಂದ ಧೂಳು, ಕಲೆ ಎಲ್ಲ ತೆಗೆದು ಮಧ್ಯಾಹ್ನದೊಳಗೆ ಕಳಿಸಿಕೊಡುವುದು ಅವರ ಜವಾಬ್ದಾರಿ.

ಪಂಚೆ ಗಂಡ ಗುರುದತ್ ಅವರದು. ಗೃಹಪ್ರವೇಶಕ್ಕೆಂದು ಊರಿನಿಂದ ತರಿಸಿದ್ದು, ಒಂದೇ ದಿನ ಉಟ್ಟದ್ದು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಗುರುದತ್ ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ಹೊತ್ತಿಗೆ ಹೆಂಡತಿ ಪಂಚೆ ಹೊತ್ತುಕೊಂಡು ಹೊರಟಿರುತ್ತಾರೆ. "ಸತ್ಯನಾರಾಯಣ ಪೂಜೆಗೆ ನಾನು ಪ್ಯಾಂಟ್ ಹಾಕ್ಕೊಂಡು ಕೂತೆ. ಪುರೋಹಿತರು ಒಂಥರಾ ನೋಡಿದ್ರು," ಎನ್ನುವುದು ಅವರ ದೂರು. ಟೆಲಿಸ್ಕೋಪಿನ ಬಾಯಿಗೆ ಹಿಡಿಯಲೆಂದೇ ಬೆಳಕಿನ ಫಲಕಗಳು ಸಿಗುತ್ತವೆ, ನಿಜ. ಆದರೆ ಈ ದೊಡ್ಡ ಬಾಯಿಗಳಿಗೆ ಹೊಂದುವಂಥದ್ದು ದುಬಾರಿ, ಮತ್ತು ಪಂಚೆಯಷ್ಟು ಹದವಾಗಿ ಬೆಳಕು ಹರಡುವುದಿಲ್ಲ ಎಂದು ಕಾತ್ಯಾಯಿನಿ ಹಟ ಹಿಡಿಯುತ್ತಾರೆ. ಪಂಚೆಯೂ ಮೊದಲು ಕೈಕೊಟ್ಟಿತ್ತು. ಮೊದಲ ದಿನ ಅದರ ಹಸಿರು ಅಂಚು ಟೆಲಿಸ್ಕೋಪಿನ ಬಾಯಿಗೆ ಅಡ್ಡ ಬಂದು, ಎಲ್ಲ ಚಿತ್ರಗಳಿಗೂ ಓರೆಯಾಗಿ ಒಂದು ನೆರಳು ಬಿದ್ದಿತ್ತು. ಮಷೀನಿನಲ್ಲಿ ಏನು ಕೆಟ್ಟಿದೆಯೆಂದು ಗ್ರೇಮ್ ಅರ್ಧ ದಿನ ಸ್ಕ್ರೂ ಬಿಚ್ಚಿ ಹುಡುಕಿದರು. ಕೊನೆಗೆ ಪಂಚೆ ಎಂದರೇನು, ಅದಕ್ಕೆ ಅಂಚು ಯಾಕಿರುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಯಿತು.

ಇಂಜಿನಿಯರಿಂಗ್ ಓದಿ, ಮಾಸ್ಟರ್ಸ್‌ಗೆಂದು ಕ್ರೈಸ್ಟ್‌ಚರ್ಚ್‌ಗೆ ಬಂದ ಕಾತ್ಯಾಯಿನಿಗೆ ಕೋರ್ಸ್ ಮುಗಿದ ಮೇಲೆ ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ಡೈರಿಯಲ್ಲಿ, ಅಂದರೆ ಇಲ್ಲಿನ ಬೀದಿ ಬದಿಯ ಅಂಗಡಿಯಲ್ಲಿ, ಹಾಲು-ಬ್ರೆಡ್ ಮಾರಿದರು. ಆಮೇಲೆ ಕನ್ನಡಕದ ಗಾಜು ತಯಾರಿಸುವ ಕಡೆ ಗೀರು ಬಿದ್ದ ಗಾಜು ಹುಡುಕಿ ತೆಗೆಯುವ ಕೆಲಸ. ದಿನವಿಡೀ ದೀಪದ ಕೆಳಗೆ ಗಾಜು ಹಿಡಿದು ನೋಡುವುದು. ಕಣ್ಣು ಸೋತು, ತಲೆ ಸಿಡಿದು, ಫ್ಲಾಟಿಗೆ ಬಂದು ಅಳುತ್ತಿದ್ದರಂತೆ. ಆದರೆ ಧೂಳು ಯಾವುದು, ಗೀರು ಯಾವುದು ಎಂದು ತಟ್ಟನೆ ಹೇಳುವ ಕಣ್ಣು ಬಂದದ್ದೂ ಅಲ್ಲೇ. ಅದನ್ನು ನೋಡಿಯೇ ಗ್ರೇಮ್ ಕರೆದು ಕೆಲಸ ಕೊಟ್ಟರು. ಇಲ್ಲಿಯೂ ಸುಖದ ಸುಪ್ಪತ್ತಿಗೆಯೇನಿಲ್ಲ. ಚಳಿಗಾಲದಲ್ಲಿ ರಸ್ತೆ ಗಾಜಾಗಿ ಒಮ್ಮೆ ಕಾರು ಚರಂಡಿಗಿಳಿದಿತ್ತು. ಹಾಲಿನವನೊಬ್ಬ ತನ್ನ ಯೂಟ್‌ಗೆ, ಅಂದರೆ ಪಿಕಪ್ ಗಾಡಿಗೆ, ಹಗ್ಗ ಕಟ್ಟಿ ಎಳೆದು ತೆಗೆದ. ಬೆರಳುಗಳು ಊದಿ ಕೆಂಪಾಗಿ, ರಾತ್ರಿ ತುರಿಕೆಯಿಂದ ನಿದ್ದೆ ಹತ್ತುವುದಿಲ್ಲ.

ಕಾತ್ಯಾಯಿನಿ ಇವನ್ನೆಲ್ಲ ನಗುನಗುತ್ತಲೇ ಹೇಳುತ್ತಾರೆ. ಕಳೆದ ಅಕ್ಟೋಬರಿನ ವಿಷಯ ಬಂದಾಗ ಮಾತ್ರ ಪಂಚೆ ಮಡಚುವ ಕೈ ನಿಧಾನವಾಗುತ್ತದೆ.

ಶೆಡ್ಡಿನ ಕೊನೆಯ ಟೆಲಿಸ್ಕೋಪಿನ ಕ್ಯಾಮೆರಾಕ್ಕೆ ಎರಡು ಬಗೆ ಇವೆ. ಒಂದು ಫೋಟೋ ಮೋಡ್: ನಿಧಾನವಾಗಿ, ಒಂದೊಂದೇ ಚಿತ್ರ. ಇನ್ನೊಂದು ಲೈವ್ ಮೋಡ್: ಚಿತ್ರಗಳು ಸರಸರನೆ ಬಂದು, ಪರದೆಯ ಮೇಲೆ ನೋಡನೋಡುತ್ತಿದ್ದಂತೆ ಆಕಾಶ ತುಂಬಿಕೊಳ್ಳುತ್ತದೆ. ಕ್ಯಾಮೆರಾ ಒಂದೇ ಆದರೂ ಎರಡರ ಚಿತ್ರದ ಅಳತೆ ಒಂದೇ ಅಲ್ಲ. ಬೇಗ ಕಳಿಸುವ ಅವಸರದಲ್ಲಿ ಲೈವ್ ಮೋಡ್ ಕೆಲವು ಸಾಲುಗಳನ್ನು ಬಿಟ್ಟುಬಿಡುತ್ತದೆ. ಚಿತ್ರ ಕೂದಲೆಳೆಯಷ್ಟು ಗಿಡ್ಡವಾಗುತ್ತದೆ. ಬರಿಗಣ್ಣಿಗೆ ತಿಳಿಯುವುದೇ ಇಲ್ಲ. ಆದರೆ ಗಿರಾಕಿ ಲೈವ್‌ನಲ್ಲಿ ತೆಗೆದು, ಕಾತ್ಯಾಯಿನಿ ಬೆಳಿಗ್ಗೆ ಫೋಟೋ ಮೋಡ್‌ನಲ್ಲಿ ತೆಗೆದರೆ, ಎರಡರ ಅಳತೆ ಕೂಡುತ್ತಿಲ್ಲವೆಂದು ಕಂಪ್ಯೂಟರು ಮುಷ್ಕರ ಹೂಡುತ್ತದೆ.

ಎರಡು ಮೋಡ್‌ನಲ್ಲೂ ಬೇರೆಬೇರೆ ತೆಗೆಯುವುದು ಸರಿಯಾದ ದಾರಿ. ಆದರೆ ಒಂಬತ್ತನೆಯದಕ್ಕೆ ಬರುವ ಹೊತ್ತಿಗೆ ಸೂರ್ಯ ಇಣುಕುತ್ತಿರುತ್ತಾನೆ. ಹಾಗಾಗಿ ಕಾತ್ಯಾಯಿನಿ ಒಂದು ಉಪಾಯ ಮಾಡಿಕೊಂಡರು. ಫೋಟೋ ಮೋಡ್‌ನ ಚಿತ್ರವನ್ನೇ ಮೇಲಿಂದಷ್ಟು, ಕೆಳಗಿನಿಂದಷ್ಟು ಸಮವಾಗಿ ಕತ್ತರಿಸಿ ಅಳತೆ ಕೂಡಿಸಿದರು. ಕಂಪ್ಯೂಟರು ತಕರಾರಿಲ್ಲದೆ ಒಪ್ಪಿಕೊಂಡಿತು.

"ಸೀರೆ ಉದ್ದಾದ್ರ ಎರಡೂ ಕಡೆ ಮಡಚಿ ಹೊಲಿಯಲ್ಲೇನ್ರಿ? ಹಂಗೇ ಅನ್ಕೊಂಡೆ," ಎನ್ನುತ್ತಾರೆ. "ಕ್ಯಾಮೆರಾ ಎರಡೂ ಕಡೆ ಬಿಡಂಗಿಲ್ಲ, ಮ್ಯಾಲಿಂದಷ್ಟೇ ಬಿಡ್ತೈತಿ ಅಂತ ನೋಡ್ಬೇಕಿತ್ತು. ನೋಡ್ಲಿಲ್ಲ."

ಅಳತೆ ಕೂಡಿತು, ಜಾಗ ಕೂಡಲಿಲ್ಲ. ಕಂಪ್ಯೂಟರು ಧೂಳಿನ ಉಂಗುರವನ್ನು ಅದು ಇದ್ದ ಕಡೆ ಬಿಟ್ಟು, ಸ್ವಲ್ಪ ಆಚೆಗೆ ಒರೆಸತೊಡಗಿತು. ಕಲೆಯೇ ಇಲ್ಲದ ಕಡೆ ಒರೆಸಿದ್ದರಿಂದ ಅಲ್ಲಿ ಬೆಳ್ಳಗೆ, ಹತ್ತಿಯ ಎಳೆಯಂಥ ಮಚ್ಚೆಯೊಂದು ಹುಟ್ಟಿಕೊಂಡಿತು.

ಲೈವ್ ಮೋಡ್ ಬಳಸುವ ಗಿರಾಕಿ ಇದ್ದದ್ದೇ ಒಬ್ಬರು. ಟೌರಂಗಾ ಎಂಬ ಊರಿನ ಮೋಹನ ಅಂಕಲ್. ಮೈಸೂರಿನವರು, ಕಿವಿಹಣ್ಣಿನ ಪ್ಯಾಕ್‌ಹೌಸಿನಲ್ಲಿ ಹಣ್ಣಿನ ಗುಣಮಟ್ಟ ನೋಡುವ ಕೆಲಸ ಮಾಡಿ ನಿವೃತ್ತರಾದವರು. ತಿಂಗಳಿಗೆ ಮೂರು ಸಂಜೆ, ಮೊಮ್ಮಗಳು ಲಾಸ್ಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದಕ್ಷಿಣ ಆಕಾಶದ ಒಂದೇ ತುಂಡನ್ನು ನೋಡುತ್ತಾರೆ. ಚಿತ್ರ ಕಣ್ಣೆದುರೇ ತುಂಬಿಕೊಳ್ಳುವುದು ಲಾಸ್ಯಾಗೆ ಇಷ್ಟ. ಅದಕ್ಕೇ ಲೈವ್.

ಅಕ್ಟೋಬರಿನಲ್ಲಿ ಅವರು ಕಾತ್ಯಾಯಿನಿಗೆ ಫೋನ್ ಮಾಡಿದರು. ಮೂರು ದಿನದ ಚಿತ್ರದಲ್ಲೂ ಒಂದು ಬಿಳಿ ಮಚ್ಚೆ ಇದೆ, ದಿನದಿನಕ್ಕೂ ನಕ್ಷತ್ರಗಳ ನಡುವೆ ಜಾಗ ಬದಲಿಸುತ್ತಿದೆ, ಯಾವ ಪಟ್ಟಿಯಲ್ಲೂ ಇಲ್ಲ. "ಧೂಮಕೇತು ಕಣಮ್ಮ. ನಾನು ಮೊದಲು ನೋಡಿದ್ದು," ಎಂದರು. ಹೊಸ ಧೂಮಕೇತುವಿಗೆ ಮೊದಲು ಕಂಡವರ ಹೆಸರಿಡುವುದು ವಾಡಿಕೆ. ಲಾಸ್ಯಾ ಆಗಲೇ ಶಾಲೆಯಲ್ಲಿ ಹೇಳಿಯಾಗಿತ್ತು. ತರಗತಿಯ ಮಕ್ಕಳು ಬಾಲವಿರುವ ಚಿತ್ರ ಬರೆದು ಕೆಳಗೆ 'ಮೋಹನ' ಎಂದು ಬರೆದು ಗೋಡೆಗೆ ಅಂಟಿಸಿದ್ದರು. ಭಾನುವಾರ ಕನ್ನಡ ಕೂಟದವರು ಸನ್ಮಾನ ಇಟ್ಟುಕೊಂಡಿದ್ದರು. ಅದಕ್ಕೆ ಮೊದಲು, ಶನಿವಾರ, ಮೋಹನ ಅಂಕಲ್ ಹೊಸ ಧೂಮಕೇತುಗಳನ್ನು ದಾಖಲಿಸುವ ಖಗೋಳಜ್ಞರ ಕೇಂದ್ರಕ್ಕೆ ವರದಿ ಕಳಿಸುವವರಿದ್ದರು.

ಕಾತ್ಯಾಯಿನಿಗೂ ಮೈಯೆಲ್ಲ ಪುಳಕ. ತಮ್ಮ ಶೆಡ್ಡಿನಿಂದ ಧೂಮಕೇತು! ಮೂರೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. ಮಚ್ಚೆ ನಕ್ಷತ್ರಗಳ ನಡುವೆ ಜಾಗ ಬದಲಿಸಿದ್ದು ನಿಜ. ಆಮೇಲೆ ಚಿತ್ರದ ಅಂಚಿನಿಂದ ಅಳೆದರು. ಮೂರು ದಿನವೂ ಮಚ್ಚೆ ಅಲ್ಲೇ ಇತ್ತು, ಒಂದಿಷ್ಟೂ ಕದಲಿರಲಿಲ್ಲ. ಮೋಹನ ಅಂಕಲ್ ಟೆಲಿಸ್ಕೋಪನ್ನು ದಿನಕ್ಕೊಂದು ಚೂರು ಆಚೀಚೆ ತಿರುಗಿಸಿದ್ದರಿಂದ ಸರಿದದ್ದು ನಕ್ಷತ್ರಗಳು. ಅಂದರೆ ಮಚ್ಚೆ ಆಕಾಶದ್ದಲ್ಲ, ಕ್ಯಾಮೆರಾದ್ದು. ಮರುದಿನ ಬೆಳಿಗ್ಗೆ ಎಲ್ಲವನ್ನೂ ಬಿಟ್ಟು ಮೊದಲು ಆ ಟೆಲಿಸ್ಕೋಪಿಗೆ ಹೋಗಿ, ಲೈವ್ ಮೋಡ್‌ನಲ್ಲೇ ಬರಿ ಆಕಾಶ ತೆಗೆದು, ಮೂರು ಚಿತ್ರಗಳನ್ನೂ ಮತ್ತೆ ಒರೆಸಿದರು. ಧೂಮಕೇತು ಮಾಯವಾಯಿತು.

ಗ್ರೇಮ್ ಒಳ್ಳೆಯವರು, ರಂಪ ಮಾಡುವವರಲ್ಲ. ತಿದ್ದಿದ ಚಿತ್ರಗಳನ್ನು ಸುಮ್ಮನೆ ಕಳಿಸಿಬಿಡು, ವರದಿ ಮಾಡುವ ಮೊದಲೇ ಧೂಮಕೇತು ಮಂಕಾಯಿತು ಅಂದುಕೊಳ್ಳಲಿ, ಎಷ್ಟೋ ಧೂಮಕೇತುಗಳು ಹಾಗೆಯೇ ಮಂಕಾಗುತ್ತವೆ ಎಂದರು. ಮುದುಕರ ಮಾನವೂ ಉಳಿಯುತ್ತದೆ, ಕಂಪನಿಯ ಹೆಸರೂ ಉಳಿಯುತ್ತದೆ. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ.

"ಒಂದು ತಾಸು ಅದೇ ಸರಿ ಅನ್ನಿಸ್ತು ರೀ, ಸುಳ್ಳು ಯಾಕ್ ಹೇಳ್ಲಿ," ಎನ್ನುತ್ತಾರೆ ಕಾತ್ಯಾಯಿನಿ. "ಆಮೇಲೆ ಅನ್ನಿಸ್ತು, ಹಂಗ ಮಾಡಿದ್ರ ಅವ್ರು ಸುಮ್ನಿರ್ತಾರಾ? ಮಂಕಾಗಿದ್ದು ಮತ್ತೆ ಬರ್ತೈತಿ ಅಂತ ಹುಡುಕ್ತಾನೇ ಇರ್ತಾರ. ಇಲ್ದಿರೋದನ್ನ ಹುಡುಕ್ತಾ ಅಷ್ಟು ವಯಸ್ಸಾದವ್ರು ಕೂರೋದು, ನಾನು ಇಲ್ಲಿ ಗೊತ್ತಿದ್ದೂ ಪಂಚೆ ಕಟ್ಟೋದು. ಆಗ್ಲಿಲ್ಲ ನನ್ ಕೈಲಿ."

ಶುಕ್ರವಾರ ಫೋನ್ ಮಾಡಿದರು. ಎರಡು ಮೋಡ್, ಕತ್ತರಿಸಿದ್ದು, ಧೂಳು, ಎಲ್ಲ ಹೇಳಿದರು. ಮೋಹನ ಅಂಕಲ್ ಕೇಳಿದರು: "ಪೂರ್ತಿ ಖಾತ್ರಿನೇನಮ್ಮ?"

"ಖಾತ್ರಿ ಅಂಕಲ್. ಅದು ನಾ ಮಾಡಿದ ಮಚ್ಚೆ."

"ಕೂಟದೋರಿಗೆ ನಾನು ಹೇಳ್ಕೋತೀನಿ, ನಗ್ತಾರೆ, ನಗ್ಲಿ ಬಿಡು. ಮಗೂಗೆ ಮಾತ್ರ ನೀನೇ ಹೇಳ್ಬಿಡು ಕಣಮ್ಮ. ನನ್ ಬಾಯಲ್ಲಿ ಬರಲ್ಲ."

ಲಾಸ್ಯಾಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಸೋ ತಾತ ವಾಸಂಟ್ ಲೈಯಿಂಗ್?"

"ಇಲ್ಲ ಪುಟ್ಟಿ. ತಾತ ಕಂಡಿದ್ದನ್ನೇ ಹೇಳಿದ್ರು. ತಪ್ಪು ಮಾಡಿದ್ದು ನಾನು. ನಿಮ್ ಟೀಚರ್‌ಗೂ ನಾನೇ ಹೇಳ್ತೀನಿ, ಆಯ್ತಾ?" ಎಂದರು ಕಾತ್ಯಾಯಿನಿ. ಹೇಳಿದ ಹಾಗೆಯೇ ಸೋಮವಾರ ವಿಡಿಯೊ ಕರೆಯಲ್ಲಿ ಆ ತರಗತಿಯ ಮಕ್ಕಳಿಗೆಲ್ಲ ಪಂಚೆ ತೋರಿಸಿ, ತಮ್ಮ ತಪ್ಪು ಹೇಗಾಯಿತೆಂದು ವಿವರಿಸಿದರು. ಮಕ್ಕಳು ಗೋಡೆಯ ಚಿತ್ರ ತೆಗೆಯಲಿಲ್ಲವಂತೆ. ಬಾಲ ಚೆನ್ನಾಗಿ ಬಂದಿತ್ತು.

ಈಗ ಬೆಳಗಿನ ಸುತ್ತು ತಲೆಕೆಳಗಾಗಿದೆ. ಕಾತ್ಯಾಯಿನಿ ಕೊನೆಯ ಟೆಲಿಸ್ಕೋಪಿನಿಂದಲೇ ಶುರು ಮಾಡಿ, ಎರಡು ಮೋಡ್‌ನಲ್ಲೂ ತೆಗೆದು ಮುಂದೆ ಹೋಗುತ್ತಾರೆ. ಸಮಯ ಉಳಿಸಲು ಓಡುತ್ತಾರೆ. ಮೋಹನ ಅಂಕಲ್ ಗಿರಾಕಿಯಾಗಿಯೇ ಉಳಿದಿದ್ದಾರೆ. ತಿಂಗಳಿಗೆ ಮೂರು ಸಂಜೆ, ಅದೇ ಆಕಾಶ, ಅದೇ ಲೈವ್. ಒಂದೇ ವ್ಯತ್ಯಾಸ. ಚಿತ್ರದಲ್ಲಿ ಸಣ್ಣದೊಂದು ಚುಕ್ಕೆ ಅನುಮಾನ ಹುಟ್ಟಿಸಿದರೂ ಮೊದಲು ಕಾತ್ಯಾಯಿನಿಗೆ ಫೋನ್ ಬರುತ್ತದೆ. "ಇದು ಆಕಾಶದ್ದೋ, ನಿಂದೋ ನೋಡಮ್ಮ," ಎನ್ನುತ್ತಾರೆ. ಹಂಗಿಸುವ ಧ್ವನಿಯಲ್ಲ, ಅಕ್ಕರೆಯಿಂದಲೇ ಕೇಳುವುದು. ಆದರೂ ಪ್ರತಿ ಸಲ ಕಾತ್ಯಾಯಿನಿಗೆ ಚುರುಕ್ಕೆನ್ನುತ್ತದೆ.

ಬೆಳಕು ಪೂರ್ತಿ ಹರಿದಿದೆ. ಛಾವಣಿ ಗಡಗಡ ಸದ್ದು ಮಾಡುತ್ತ ಮುಚ್ಚಿಕೊಳ್ಳುತ್ತಿದೆ. ಮುಂದೇನು ಆಸೆ ಎಂದು ಕೇಳಿದರೆ ಸಂಬಳ, ಬಡ್ತಿ ಅಂತೇನೂ ಹೇಳುವುದಿಲ್ಲ. ಕಾತ್ಯಾಯಿನಿ ಊದಿದ ಬೆರಳುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾರೆ.

"ಮೋಹನ ಅಂಕಲ್‌ಗೆ ಖರೇ ಖರೇ ಧೂಮಕೇತು ಒಂದು ಸಿಗ್ಬೇಕ್ರಿ. ಸಿಕ್ಕ ದಿನ ಅವ್ರು ನನಗ ಫೋನ್ ಮಾಡಬಾರ್ದು. ಚಿತ್ರ ನೋಡಿದ ಕೂಡ್ಲೇ ಅವ್ರೇ ನಂಬಿಬಿಡಬೇಕು. ಯಾವತ್ತು ಫೋನ್ ಬರಲ್ಲ ನೋಡ್ರಿ, ಅವತ್ತು ನನ್ ಕೆಲ್ಸ ನಾ ಸರಿಯಾಗಿ ಮಾಡೀನಿ ಅಂದಂಗೆ."