ಮೂರು ಗಂಟೆ ದಾಟಿದ ಪ್ರಸಾದ

ನಮ್ಮನೆಯವರು ರಾಜಕೀಯದಲ್ಲಿ ಇದ್ದಷ್ಟು ಕಾಲವೂ ಮೂರನೇ ಪಕ್ಷದಲ್ಲೇ ಇದ್ದರು. ಉಳಿದೆರಡು ಪಕ್ಷಗಳಿಗೆ ಕಚೇರಿ, ಕಾರು, ಕುರ್ಚಿ ಎಲ್ಲ ಇದ್ದವು. ನಮ್ಮ ಪಕ್ಷಕ್ಕೆ ನಮ್ಮ ಮನೆಯ ಜಗುಲಿ ಇತ್ತು. ಹಳದೀಪುರದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಚುನಾವಣೆ ಬಂದರೆ ಮೂರೂ ಪಕ್ಷದ ಬಾವುಟ ನನ್ನ ಮಷೀನಿನ ಮೇಲೇ ಹೊಲಿಗೆಯಾಗಿ ಹೋಗುತ್ತಿದ್ದವು. ಬೇರೆಯವರ ಬಾವುಟಕ್ಕೆ ಎರಡು ಹೊಲಿಗೆ ಹಾಕುತ್ತೀಯ, ನಮ್ಮದಕ್ಕೆ ಒಂದೇ ಎಂದು ಇವರು ದೂರುತ್ತಿದ್ದರು. ಗಾಳಿ ಬಡಿಯುವಷ್ಟು ಎತ್ತರಕ್ಕೆ ನಿಮ್ಮದನ್ನು ಯಾರು ಕಟ್ಟುತ್ತಾರೆ ಎಂದು ನಾನು ಕೇಳುತ್ತಿದ್ದೆ.

ಇವರು ರಾಜಕೀಯಕ್ಕೆ ಇಳಿದದ್ದು ಅಳಿವೆಯ ಹೂಳಿನಿಂದ. ನದಿ ಸಮುದ್ರಕ್ಕೆ ಸೇರುವ ಬಾಯಲ್ಲಿ ಮರಳು ತುಂಬಿ, ನೀರು ಇಳಿದ ಹೊತ್ತಿನಲ್ಲಿ ಬೋಟುಗಳು ಒಳಗೆ ಬರಲಾಗದೆ ಹೊರಗೇ ಕಾಯಬೇಕಿತ್ತು. ಎರಡೂ ಪಕ್ಷದವರು ಬಂದು ನೋಡಿದರು, ತಲೆಯಾಡಿಸಿದರು, ಫೋಟೋ ತೆಗೆಸಿಕೊಂಡು ಹೋದರು. ಮೀನಿನ ಟೆಂಪೋ ಓಡಿಸುತ್ತಿದ್ದ ಇವರು ಅದೇ ಸಿಟ್ಟಿನಲ್ಲಿ ಗ್ರಾಮ ಪಂಚಾಯ್ತಿಗೆ ನಿಂತು ಗೆದ್ದರು. ತಾಲೂಕು ಪಂಚಾಯ್ತಿಗೆ ಸ್ವಲ್ಪದರಲ್ಲಿ ಸೋತರು. ಆಮೇಲೆ ಒಂದು ದಿನ ಭಟ್ಕಳದ ಕಡೆಯಿಂದ ಪಕ್ಷದ ಮುಖಂಡರೊಬ್ಬರು ಬಂದು, ಈ ಸಲ ವಿಧಾನಸಭೆಗೆ ನೀವೇ ನಿಲ್ಲಬೇಕು ಎಂದರು. ಬೇರೆ ಯಾರೂ ಸಿಗಲಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಚಹಾ ಕುಡಿದ ಅವಸರ ನೋಡಿಯೇ ನನಗೆ ತಿಳಿದಿತ್ತು.

ಇವರು ಗೆಲ್ಲುತ್ತಾರೆಂದು ಯಾರಿಗೂ ಹೆದರಿಕೆ ಇರಲಿಲ್ಲ. ಇವರಿಂದ ತಾವು ಸೋಲುತ್ತೇವೆಂಬ ಹೆದರಿಕೆ ದೊಡ್ಡ ಪಕ್ಷವೊಂದಕ್ಕಿತ್ತು. ಕಡಲ ದಂಡೆಯ ನಮ್ಮ ಜನರ ವೋಟೆಲ್ಲ ಹಿಂದಿನಿಂದಲೂ ಆ ಪಕ್ಷದ್ದು, ಇವರು ನಿಂತರೆ ಅದು ಒಡೆಯುತ್ತಿತ್ತು. ಅದರ ಊರ ಮುಖಂಡರು ಮೀನು ವ್ಯಾಪಾರದ ಸಾವಕಾರರು. ನಮ್ಮ ಭಾವ, ಅಂದರೆ ಇವರ ಅಣ್ಣ, ಬೋಟು ಇಟ್ಟವರು. ಅವರು ತಂದ ಮೀನನ್ನೆಲ್ಲ ದಂಡೆಯಲ್ಲೇ ಕೊಂಡು ಎತ್ತುತ್ತಿದ್ದವರು ಇದೇ ಸಾವಕಾರರು. ಅಣ್ಣತಮ್ಮಂದಿರದು ಒಂದೇ ಮನೆ, ಒಂದೇ ಒಲೆ. ತಮ್ಮನು ಹಾಕಿದ ನಾಮಪತ್ರ ಹಿಂದೆ ತೆಗೆಯದಿದ್ದರೆ ಅಣ್ಣನ ಮೀನು ಮುಟ್ಟುವುದಿಲ್ಲ ಎಂದು ಸಾವಕಾರರು ಹೇಳಿ ಕಳಿಸಿದರು.

ಹಿಂದೆ ತೆಗೆದುಬಿಡು ಎಂದು ಭಾವ ಒಂದೇ ಸಲ ಹೇಳಿದರು, ಮತ್ತೆ ಆ ಮಾತೆತ್ತಲಿಲ್ಲ. ಊಟಕ್ಕೆ ಕೂತರೆ ಮಾತಿಲ್ಲ. ಅಕ್ಕ, ಅಂದರೆ ಭಾವನ ಹೆಂಡತಿ, ಬಡಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಒಲೆ ಎರಡಾಗುವ ಮನೆಯಲ್ಲಿ ಮೊದಲು ಬದಲಾಗುವುದು ಪಾತ್ರೆ ಇಡುವ ಸದ್ದು. ಅದು ನನಗೆ ಕೇಳಿಸತೊಡಗಿತ್ತು.

ಹಿಂದೆ ತೆಗೆಯಲು ಕೊನೆಯ ದಿನದ ಹಿಂದಿನ ಸಂಜೆ ಇವರೇ ಸೋತು ಬಾಯಿಬಿಟ್ಟರು.

"ಅಣ್ಣ, ನೀ ಹೇಳ್ದಂಗೆ ಆಗ್ಲಿ. ಬೆಳಿಗ್ಗೆ ಕುಮಟೆಗೆ ಹೋಗಿ ಸಹಿ ಹಾಕಿ ಬತ್ತೆ."

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಭಾವನ ಸ್ವಭಾವ ಹಾಗಲ್ಲ.

"ನಾ ಹೇಳ್ದೆ ಅಂತ ಬೇಡ ಮಾರಾಯ. ನಾಳೆ ಅಣ್ಣ ನನ್ನ ಹಿಂದೆ ಎಳ್ದ ಹೇಳಿ ನಿನ್ನ ಮನಸ್ಸಲ್ಲಿ ಉಳೀತದೆ. ದೇವಿ ಹತ್ರ ಕೇಳ್ವ. ಅವ್ಳು ಎಂತ ಹೇಳ್ತಾಳೋ ಅದು."

ನಮ್ಮಲ್ಲಿ ಹೊಸ ಬೋಟು ನೀರಿಗೆ ಇಳಿಸಲಿ, ಮದುವೆ ಗೊತ್ತು ಮಾಡಲಿ, ಗ್ರಾಮದೇವಿಯ ಪ್ರಸಾದ ಕೇಳದೆ ಹೆಜ್ಜೆ ಇಡುವುದಿಲ್ಲ. ಮಧ್ಯಾಹ್ನದ ಪೂಜೆ ಮುಗಿದ ಮೇಲೆ ಪೂಜಾರಿ ಗುನಗರು ಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ದೇವಿಯ ಮೈಮೇಲೆ ಅಂಟಿಸುತ್ತಾರೆ. ಬಲಗಡೆಯ ಎಸಳು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಕೇಳಿದವರು ಪ್ರಸಾದ ಆಗುವ ತನಕ ಅಲ್ಲಿಂದ ಕದಲುವ ಹಾಗಿಲ್ಲ.

ಮರುದಿನ ಮಧ್ಯಾಹ್ನದ ಪೂಜೆಯ ನಂತರ ಅಣ್ಣತಮ್ಮ ಇಬ್ಬರೂ ಕೈಮುಗಿದು ಒಳಗೆ ನಿಂತರು. ನಾನು, ಅಕ್ಕ ಹೊರಗಿನ ಕಟ್ಟೆಯಲ್ಲಿ ಕೂತೆವು. ರಸ್ತೆಯ ಬದಿ ಸಾವಕಾರರ ಕಾರು ಬಂದು ನಿಂತಿತು. ಕುಮಟೆಯ ಚುನಾವಣಾ ಕಚೇರಿಗೆ ಮೂರು ಗಂಟೆಯೊಳಗೆ ತಲುಪಬೇಕು. ಹೆದ್ದಾರಿ ಖಾಲಿ ಇದ್ದರೆ ದಾರಿ ದೊಡ್ಡದೇನಲ್ಲ.

ಗುನಗರು ಗಟ್ಟಿಯಾಗಿ ಕೇಳಿಕೊಂಡರು. "ಹುಡ್ಗ ನಿಲ್ಲಬಹುದಾದ್ರೆ ಬಲಕ್ಕೆ ಕೊಡು ತಾಯಿ. ಹಿಂದೆ ಸರೀಬೇಕಾದ್ರೆ ಎಡಕ್ಕೆ ಕೊಡು." ಇವರಿಗೆ ಆಗಲೇ ತಲೆ ನರೆತಿತ್ತು. ದೇವಿಯ ಮುಂದೆ ಎಲ್ಲರೂ ಹುಡುಗರೇ.

ಎಸಳು ಬೀಳಲಿಲ್ಲ. ಗುನಗರು ಗಂಟೆ ಬಾರಿಸಿದರು, ಮತ್ತೆ ಕೇಳಿಕೊಂಡರು. ಗಾಳಿ ಸತ್ತುಹೋದ ಹಾಗೆ ನಿಂತಿತ್ತು. ಭಾವನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿ ಮೈಗಂಟಿತ್ತು. ಕಾರಿನಲ್ಲಿ ಬಂದ ಸಾವಕಾರರ ಮನುಷ್ಯ ಮೊದಲು ದೂರ ನಿಂತಿದ್ದವನು ಮೆಟ್ಟಿಲ ತನಕ ಬಂದ. ಗಡಿಯಾರ ನೋಡುತ್ತ ಕಾಗದ ಮುಂದೆ ಚಾಚಿದ.

"ಇಲ್ಲೇ ಸಹಿ ಹಾಕಿ ಕೊಡಿ. ನಿಮ್ಮ ನಾಮಪತ್ರಕ್ಕೆ ಸಹಿ ಹಾಕಿದ ಸೂಚಕರು ಕುಮಟೆಯಲ್ಲೇ ಇದ್ದಾರೆ. ಅವರ ಕೈಲಿ ಕೊಡಿಸ್ತೇವೆ."

ಇವರು ಅಣ್ಣನ ಕಡೆ ನೋಡಿದರು. ನಾನೂ ಭಾವನ ಕಡೆಯೇ ನೋಡಿದೆ. ಒಂದು ಮಾತು ಸಾಕಿತ್ತು, ಸಹಿ ಬೀಳುತ್ತಿತ್ತು, ಮೀನು ಉಳಿಯುತ್ತಿತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು. ಬಳೆ ಒತ್ತಿ ನೋಯುತ್ತಿತ್ತು, ಆದರೂ ನಾನು ಬಿಡಿಸಿಕೊಳ್ಳಲಿಲ್ಲ.

"ಕೇಳೂದು ಕೇಳಿ ಆಗಿದೆ," ಎಂದರು ಭಾವ, ತಿರುಗಿ ನೋಡದೆ. "ಅವ್ಳು ಹೇಳೂಕೆ ಮುಂಚೆ ಸಹಿ ಹಾಕ್ರೆ ಅವ್ಳ ಬಾಯಿ ಮುಚ್ಚಿದಂಗೆ ಆತು. ನಿಲ್ಲಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿಂದೆ ತೆಗೆ ಎಂದವರೂ ಭಾವನೇ, ತೆಗೆಯಲು ಬಿಡದವರೂ ಭಾವನೇ. ಕಾರು ಸ್ಟಾರ್ಟ್ ಆಗಿಯೇ ನಿಂತಿತ್ತು. ಆಮೇಲೆ ಅದೂ ನಿಂತಿತು. ಆ ಮನುಷ್ಯ ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಯಾರಿಗೋ ಫೋನಿನಲ್ಲಿ, "ಆತು, ಮೂರು ದಾಟ್ತು," ಎಂದ.

ಅವನು ಕಾರು ಹತ್ತುವಷ್ಟರಲ್ಲಿ ಎಸಳು ಬಿತ್ತು. ಎಡಕ್ಕೆ.

ಗುನಗರು ಎಸಳನ್ನು ಬಾಳೆ ಎಲೆಯಲ್ಲಿಟ್ಟು ಇವರ ಕೈಗೆ ಕೊಟ್ಟರು. ಬೇಡ ಎಂಬ ಉತ್ತರವನ್ನೂ ಕಣ್ಣಿಗೊತ್ತಿಕೊಂಡೇ ತೆಗೆದುಕೊಳ್ಳಬೇಕು. ಇವರು ಒತ್ತಿಕೊಂಡರು.

ಮರುದಿನದಿಂದ ಸಾವಕಾರರ ಗಾಡಿ ನಮ್ಮ ಬೋಟಿನ ಮುಂದೆ ನಿಲ್ಲಲಿಲ್ಲ. ನಾನು ಬೆಳಗಿನ ಹೊತ್ತು ಅಂಗಡಿ ಮುಚ್ಚಿದೆ. ನಾನೂ ಅಕ್ಕನೂ ಮೀನಿನ ಬುಟ್ಟಿ ಹೊತ್ತು ಕುಮಟೆಯ ಮೀನು ಪೇಟೆಯಲ್ಲಿ ಕೂತೆವು. ಅಲ್ಲಿ ಅಕ್ಕ ನನ್ನ ಹತ್ತಿರ ಮತ್ತೆ ಮಾತು ಶುರು ಮಾಡಿದಳು, ಬಂಗಡೆಯ ರೇಟಿನಿಂದ. ಭಾವನ ಹತ್ತಿರ ಮಾತ್ರ ನಾನು ಬೇಕಾದಷ್ಟೇ ಆಡುತ್ತಿದ್ದೆ.

ಪ್ರಚಾರಕ್ಕೆ ಇವರು ಮನೆಮನೆ ಸುತ್ತಿದರು. ಜನ ಕೂರಿಸಿ ನೀರು ಬೆಲ್ಲ ಕೊಟ್ಟರು. ಆದರೆ ಸುದ್ದಿ ಇವರಿಗಿಂತ ಮುಂದೆ ಓಡಿತ್ತು. ದೇವಿ ಬೇಡ ಅಂದವನಿಗೆ ವೋಟು ಹಾಕುವುದು ಹೇಗೆ? ಫಲಿತಾಂಶ ಬಂದಾಗ ಸಾವಕಾರರ ಪಕ್ಷ ಆರಾಮಾಗಿ ಗೆದ್ದಿತ್ತು. ನಮ್ಮ ಕೇರಿಯವರೇ ವೋಟು ಹಾಕುವ ಬೂತಿನಲ್ಲೂ ಇವರಿಗೆ ಬಿದ್ದದ್ದು ಹೇಳಿಕೊಳ್ಳುವಷ್ಟಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಇವರು ಅನ್ನ ಕಲಸುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ.

"ಅಣ್ಣ, ನಂಗೆ ನಾನೇ ಹಾಕ್ಲಿಲ್ಲ."

ಅಕ್ಕನ ಕೈಯ ಸೌಟು ನಿಂತಿತು.

"ಯಾರೂ ಬೇಡ ಹೇಳೂ ಬಟನ್ ಇತ್ತಲಾ, ಅದನ್ನ ಒತ್ತಿ ಬಂದೆ. ಅವ್ಳು ಎಡಕ್ಕೆ ಕೊಟ್ಟ ಮೇಲೆ ನನ್ನ ಗುರ್ತಿನ ಮೇಲೆ ಬೆರಳು ಹೋಗ್ಲಿಲ್ಲ."

ಬಿಸಿಲಲ್ಲಿ ಅಷ್ಟು ಮನೆ ಸುತ್ತಿದ ಮನುಷ್ಯ, ಯಂತ್ರದ ಮುಂದೆ ಒಬ್ಬರೇ ನಿಂತದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಭಾವ ಊಟದ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ನಾ ನಿಂಗೇ ಹಾಕ್ದೆ," ಎಂದರು. "ಕೇಳಿದವ ನಾನು, ತಡ ಮಾಡಿದವನೂ ನಾನೇ. ತಪ್ಪಾದ್ರೆ ನಂಗೇ ತಟ್ಟಲಿ ಹೇಳಿ ಒತ್ತಿದೆ."

ಊಟ ಮುಗಿದ ಮೇಲೆ ಇವರು ಅಣ್ಣನ ಬಟ್ಟಲನ್ನೂ ತಮ್ಮದರ ಜೊತೆ ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿ ತೊಳೆದು ತಂದಿಟ್ಟರು.