ಹೊಲಿಗೆಯಕ್ಕನ ಮೊದಲ ಸಹಿ

ಬೀದಿಯಲ್ಲಿ ಯಾರ ಕೈ ಬಿಗಿಯಾಗಿದೆಯೆಂಬುದು ಸಾಲ ಕೊಟ್ಟವರಿಗಿಂತ ಮೊದಲು ಹೊಲಿಗೆಯಕ್ಕನಿಗೆ ಗೊತ್ತಾಗುತ್ತಿತ್ತು. ಹೊಸ ಬಟ್ಟೆ ತರುತ್ತಿದ್ದವರು ಹಳೆ ಅಂಗಿ ತಂದು, "ಕಾಲರ್ ತಿರುಗಿಸಿ ಹೊಲಿದ್ಬಿಡಿ ಅಕ್ಕಾ, ಬಟ್ಟೆ ಇನ್ನೂ ಗಟ್ಟಿ ಇದೆ" ಎಂದರೆ ಮುಗಿಯಿತು. ಸವೆದ ಮಗ್ಗುಲು ಕೆಳಗೆ, ಚೆನ್ನಾಗಿರುವುದು ಮೇಲೆ. ಅವಳು ಯಾರ ಗುಟ್ಟನ್ನೂ ಬಿಟ್ಟುಕೊಟ್ಟವಳಲ್ಲ. ತನ್ನದನ್ನೂ ಅಷ್ಟೇ. ಗಂಡನ ಆಪರೇಷನ್ನಿಗೆಂದು ಹೊಲಿಗೆ ಮಿಷನ್ ಅಡವಿಟ್ಟು ಫೈನಾನ್ಸಿನವರಿಂದ ಸಾಲ ತಂದಿದ್ದಳು. ಮೂರು ಕಂತು ತಪ್ಪಿತ್ತು. ಸೋಮವಾರ ಬಂದು ಮಿಷನ್ ಎತ್ತಿಕೊಂಡು ಹೋಗುತ್ತೇವೆ ಎಂದಿದ್ದರು.

ಭಾನುವಾರ ವಾಚನಾಲಯದಲ್ಲಿ ಸಭೆ ಸೇರಿತು. ಹತ್ತು ಜನ ಸಾಲಗಾರರು ಒಟ್ಟಿಗೆ ಅರ್ಜಿ ಕೊಟ್ಟರೆ ಜಪ್ತಿ ನಿಲ್ಲಿಸಿ ಕಂತು ಇಳಿಸಲು ಫೈನಾನ್ಸಿನ ಮ್ಯಾನೇಜರು ಒಪ್ಪಿದ್ದರು. ಬೀದಿಯ ಸಂಘದ ಅಧ್ಯಕ್ಷರು, ಅಂದರೆ ನಿವೃತ್ತ ಹೆಡ್ ಗುಮಾಸ್ತರು, ಮಿತವ್ಯಯದ ಬಗ್ಗೆ ಮುಕ್ಕಾಲು ಗಂಟೆ ಕೊರೆದರು. ಆಮೇಲೆ ಅರ್ಜಿಯನ್ನು ಮೇಜಿನ ಮೇಲಿಟ್ಟು, "ಸಾಲ ಇರೋರು ಬಂದು ಸಹಿ ಹಾಕಿ" ಎಂದರು.

ನೋಡಿದರೆ, ಸಭೆಯಲ್ಲಿ ಒಬ್ಬರಿಗೂ ಸಾಲವಿಲ್ಲ!

"ನಾನು ಸುಮ್ನೆ ನೋಡ್ಕೊಂಡ್ ಹೋಗೋಣ ಅಂತ ಬಂದೆ" ಎಂದರು ಬೇಕರಿಯವರು.

"ನಮ್ಮೆಜಮಾನ್ರಿಗೆ ಸಾಲ ಅಂದ್ರೆ ಮಾರು ದೂರ" ಎಂದರು ನರ್ಸಮ್ಮ, ಸೂರು ನೋಡುತ್ತ.

"ಹಾಗಾದ್ರೆ ವಸೂಲಿಯೋನು ದಿನಾ ಬರೋದು ಗಾಳಿ ಸೇವನೆಗಾ?" ಎಂದು ಹಿಂದಿನ ಬೆಂಚಿನ ಅಜ್ಜಿ ಕುಟುಕಿತು. ಎಲ್ಲರೂ ನಕ್ಕರು. ಯಾರೂ ಏಳಲಿಲ್ಲ.

ಹೊಲಿಗೆಯಕ್ಕನ ಕಣ್ಣೆದುರಿಗೇ ತಾನು ತಿರುಗಿಸಿದ ಹನ್ನೊಂದು ಕಾಲರುಗಳಿದ್ದವು. ಅಧ್ಯಕ್ಷರದೂ ಸೇರಿ. ಬೆರಳು ತೋರಿಸಿದ್ದರೆ ಸಾಕಿತ್ತು, ಮಿಷನ್ ಉಳಿಯುತ್ತಿತ್ತು. ಅವಳು ಎದ್ದಳು. ಏಳೆಂಟು ಕೈಗಳು ತಾವಾಗಿಯೇ ಕಾಲರಿನತ್ತ ಹೋದವು.

"ನಂದು ನಲವತ್ತು ಸಾವಿರ ಇದೆ. ಮೂರು ಕಂತು ಕಟ್ಟಿಲ್ಲ. ನಾಳೆ ಮಿಷನ್ ಎತ್ಕೊಂಡ್ ಹೋಗ್ತಾರೆ" ಎಂದಳು. "ಬೇರೆಯವ್ರದು ನಂಗೊತ್ತಿಲ್ಲ."

ಅಕ್ಷರ ಅಕ್ಷರ ಕೂಡಿಸಿ ಸಹಿ ಹಾಕಿದಳು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಭಾಷಣ ಬರಲಿಲ್ಲ. "ಎರಡನೇದು ನಂದು" ಎಂದು ಪೆನ್ನು ತೆಗೆದುಕೊಂಡರು.

"ಏನ್ರೀ! ನಂಗೂ ಹೇಳ್ಲಿಲ್ವಲ್ಲಾ?" ಅವರ ಹೆಂಡತಿ ಎದ್ದು ನಿಂತರು.

"ಈಗ ಹೇಳ್ದೆನಲ್ಲೇ."

"ಸರಿ, ಸ್ವಲ್ಪ ಸರೀರಿ ಆ ಕಡೆ. ನಂದೂ ಒಂದಿದೆ."

ಅಲ್ಲಿಂದ ಸಾಲೇ ನಿಂತಿತು. ಬೇಕರಿಯವರೂ ನರ್ಸಮ್ಮನೂ ನಾ ಮುಂದು, ತಾ ಮುಂದು ಎಂದು ನುಗ್ಗಿದರು. ಹದಿನಾಲ್ಕು ಸಹಿ ಬಿದ್ದವು.

ಸೋಮವಾರ ವಸೂಲಿಯವನು ಬಂದ. ಬಾಗಿಲಲ್ಲೇ ನಿಂತು ಅರ್ಜಿಯ ಪ್ರತಿ ಓದಿದ, ಮ್ಯಾನೇಜರಿಗೆ ಫೋನ್ ಮಾಡಿದ. "ಮಿಷನ್ ಇಲ್ಲೇ ಇರ್ಲಿ ಅಕ್ಕಾ" ಎಂದು ಹೊರಟ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಪೆಡಲಿನ ಮೇಲಿಂದ ಕಾಲು ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ ತುಳಿಯತೊಡಗಿದಳು.