ಹೆಲ್ಮೆಟ್ಟಿನೊಳಗಿನ ಹತ್ತಿ

ಋಷಿಕೇಶ ಆಕಾಶದಿಂದ ಬಿದ್ದು ಸತ್ತ ಎಂದು ರಾಣೇಬೆನ್ನೂರಿನಲ್ಲಿ ಕೆಲವರು ಹೇಳುತ್ತಾರೆ. ಅದು ಸುಳ್ಳು. ಹೋದ ಮಳೆಗಾಲದಲ್ಲಿ ಡೆಂಗ್ಯೂ ಬಂದು ಆಸ್ಪತ್ರೆಯ ಹಾಸಿಗೆಯ ಮೇಲೆ ತೀರಿಕೊಂಡ. ಆಕಾಶ ಅವನಿಗೆ ಏನೂ ಮಾಡಲಿಲ್ಲ.

ಅವನ ತಂದೆ ಚಂದ್ರಶೇಖರರಾಯರು ಸ್ಟೇಶನ್ ರಸ್ತೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದರು. ಋಷಿ ಅಲ್ಲೇ ಕೆಲಸ ಕಲಿತು ಹಾವೇರಿ, ಬ್ಯಾಡಗಿಯ ಮದುವೆಗಳ ಫೋಟೊ ತೆಗೆದ. ಆಮೇಲೆ ಹೊರರಾಜ್ಯದ ಒಂದು ಸ್ಕೈಡೈವಿಂಗ್ ಕ್ಲಬ್ಬಿನಲ್ಲಿ ಜಿಗಿಯುವುದನ್ನು ಕಲಿತ. ವಿಮಾನದಿಂದ ಹಾರುವವರ ಜೊತೆಗೇ ಹಾರಿ ಅವರ ಚಿತ್ರ ತೆಗೆಯಬೇಕೆಂದು ಮನಸ್ಸು ಮಾಡಿದ. ನೆಲದ ಮೇಲೆ ನಿಂತವರ ಫೋಟೊ ಎಲ್ಲ ತೆಗೆದು ಮುಗಿಯಿತೇನು ಎಂದು ರಾಯರು ಕೇಳುತ್ತಿದ್ದರು.

ಜಿಗಿಯುವಾಗ ಕ್ಯಾಮೆರಾ ಕೈಯಲ್ಲಿರುವುದಿಲ್ಲ, ಹೆಲ್ಮೆಟ್ಟಿನ ನೆತ್ತಿಗೆ ಬಿಗಿದಿರುತ್ತದೆ. ಕಣ್ಣಿನ ಮುಂದೆ ಉಂಗುರದ ಗುರುತಿರುವ ಗಾಜಿನ ಬಿಲ್ಲೆ. ಉಂಗುರದಲ್ಲಿ ಕಂಡದ್ದು ಚಿತ್ರದ ನಡುವೆ ಬರಬೇಕಾದರೆ ಹೆಲ್ಮೆಟ್ಟು ಪ್ರತಿ ಸಲವೂ ತಲೆಯ ಮೇಲೆ ಒಂದೇ ರೀತಿ ಕೂಡಬೇಕು. ಅದಕ್ಕೆ ಋಷಿ ಕೂದಲನ್ನು ಯಾವಾಗಲೂ ಒಂದೇ ಅಳತೆಗೆ ಇಟ್ಟಿದ್ದ. ಕ್ಷೌರದ ಮೈಲಾರೆಪ್ಪ ಚೂರು ಹೆಚ್ಚು ಕತ್ತರಿಸಿದರೆ ಜಗಳ.

ರಾಯರು ತೀರಿಕೊಂಡಾಗ ಕ್ಲಬ್ಬಿನ ಪರೀಕ್ಷೆಯ ಜಿಗಿತ ಹತ್ತಿರ ಬಂದಿತ್ತು. ಆರು ಜನ ಗಾಳಿಯಲ್ಲಿ ಕೈ ಕೈ ಹಿಡಿದು ವೃತ್ತ ಕಟ್ಟುತ್ತಾರೆ. ಆ ಚಿತ್ರ ಸರಿ ಬಂದರೆ ಕೆಲಸ ಋಷಿಗೆ, ಇಲ್ಲದಿದ್ದರೆ ಬೇರೆಯವರಿಗೆ. ಹತ್ತನೆಯ ದಿನ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಅವನು ಹೇಳಿದ. ಅಪ್ಪನಿಗಿಂತ ಕೂದಲು ಹೆಚ್ಚಾಯಿತು ಎಂದು ನೆಂಟರು ಗೊಣಗಿದರು. ಅವನು ಹೆಲ್ಮೆಟ್ಟು ಹಾಕಿಕೊಂಡು ತಾಯಿ ಸರಸ್ವತೀಬಾಯಿಯವರ ಮುಂದೆ ಕುಳಿತು ವಿವರಿಸಿದ.

"ಬ್ಯಾರೆ ಲೆನ್ಸ್ ಇಲ್ಲೇನು?" ಎಂದು ಅವರು ಕೇಳಿದರು. ಸ್ಟುಡಿಯೊದವರ ಹೆಂಡತಿ.

ಇತ್ತು. ಅಗಲ ಲೆನ್ಸು ಹಾಕಿದರೆ ಗುರಿ ಸ್ವಲ್ಪ ತಪ್ಪಿದರೂ ಆರೂ ಜನ ಸಿಗುತ್ತಾರೆ. ಆದರೆ ತೀರಾ ಹತ್ತಿರ ಹೋಗಬೇಕು, ಅಂಚಿನಲ್ಲಿದ್ದವರ ಮುಖ ಕುಂಬಳಕಾಯಿ ಆಗುತ್ತದೆ. ಕ್ಲಬ್ಬಿಗೆ ಮುಖ ಮುಖದ ಹಾಗೇ ಬೇಕು. ಕಿರಿದಾದ ನೋಟದ ಲೆನ್ಸಿನಲ್ಲಿ ಮುಖ ನೇರ, ಆದರೆ ಹೆಲ್ಮೆಟ್ಟು ತುಸು ಜರುಗಿದರೂ ಒಬ್ಬಿಬ್ಬರು ಚಿತ್ರದ ಹೊರಗೆ.

ಸರಸ್ವತೀಬಾಯಿ ಅವನ ತಲೆಯ ಮೇಲಿನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿದರು.

"ಬೋಳಿಸ್ಕೋ. ಟೊಪ್ಪಿಗಿ ನಾ ಸರಿ ಮಾಡಿಕೊಡ್ತೇನಿ."

ಕುಮಾರಪಟ್ಟಣದ ಹೊಳೆದಂಡೆಯಲ್ಲಿ ಬೋಳಿಸಿಕೊಂಡ. ದಿನಕರ್ಮ ಮುಗಿದ ಮೇಲೆ ಸರಸ್ವತೀಬಾಯಿ ದೀಪದ ಬತ್ತಿಗೆಂದು ಇಟ್ಟ ಹತ್ತಿಯನ್ನು ಹಳೆಯ ಅರಿವೆಯಲ್ಲಿ ತುಂಬಿ ಹೆಲ್ಮೆಟ್ಟಿನೊಳಗೆ ಹೊಲಿದರು. ಮಾಳಿಗೆಯ ಮೇಲೆ ನಿಂತು ಋಷಿ ದೂರದ ನೀರಿನ ಟ್ಯಾಂಕನ್ನು ಉಂಗುರದಲ್ಲಿ ಹಿಡಿಯುತ್ತಿದ್ದ. ಅದು ಚಿತ್ರದಲ್ಲಿ ಎಲ್ಲಿ ಬಂತೆಂದು ಅವನ ಗೆಳೆಯನಾದ ನಾನು ಫೋನಿನಲ್ಲಿ ನೋಡಿ ಹೇಳುತ್ತಿದ್ದೆ. ಅವರು ಚಿಟಿಕೆ ಹತ್ತಿ ತೆಗೆಯುತ್ತಿದ್ದರು, ಚಿಟಿಕೆ ಸೇರಿಸುತ್ತಿದ್ದರು. ಇಷ್ಟು ಹತ್ತಿಯಲ್ಲಿ ಲಕ್ಷಬತ್ತಿಯ ಹರಕೆ ಅರ್ಧ ಮುಗಿಯುತ್ತಿತ್ತು ಎಂದು ಬೈದರು. ಗದ್ದದ ಪಟ್ಟಿಯನ್ನೂ ಗಟ್ಟಿ ಹೊಲಿಯಲು ಹೋದಾಗ ಋಷಿ ತಡೆದ. ಪ್ಯಾರಾಶೂಟಿನ ದಾರ ಕ್ಯಾಮೆರಾಕ್ಕೆ ಸಿಕ್ಕಿಕೊಂಡರೆ ಒಂದೇ ಎಳೆತಕ್ಕೆ ಹೆಲ್ಮೆಟ್ಟು ಕಳಚಿ ಬೀಳಬೇಕು ಎಂದ.

"ಅಂದ್ರ ಸಿಕ್ಕೊಳ್ತದ ಅನ್ನು," ಎಂದರು ತಾಯಿ. ಅವರು ಪಟ್ಟಿಯನ್ನು ಹಾಗೇ ಬಿಟ್ಟು ಸೂಜಿ ತೆಗೆದಿಟ್ಟರು.

ಪರೀಕ್ಷೆಯ ಚಿತ್ರದಲ್ಲಿ ಆರೂ ಮುಖ, ಎಲ್ಲ ಕೈಗಳೂ ಬಂದವು. ಯಾರದೋ ಒಂದು ಪಾದ ಮಾತ್ರ ಹೊರಗೆ ಉಳಿಯಿತು. ಕೆಲಸ ಸಿಕ್ಕಿತು.

ಕೂದಲು ಬೆಳೆದಾಗ ಹೆಲ್ಮೆಟ್ಟು ಬಿಗಿಯಾಯಿತು. ಋಷಿ ಹತ್ತಿ ತೆಗೆಯಲಿಲ್ಲ. ಮೈಲಾರೆಪ್ಪನ ಹತ್ತಿರ ಹೋಗಿ ಮತ್ತೆ ಬೋಳಿಸಿಕೊಂಡ. ಅಲ್ಲಿಂದ ಮುಂದೆ ಅವನ ತಲೆ ಬೋಳೇ. ಜಿಗಿತ ಇಲ್ಲದ ತಿಂಗಳುಗಳಲ್ಲಿ ಮದುವೆ ಫೋಟೊಕ್ಕೆ ಹೋದರೆ ಅದೇ ತೊಂದರೆ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಮನೆಯವರು ಅವನಿಗೆ ಟೊಪ್ಪಿಗೆ ಹಾಕಿಸಿಯೇ ಚಪ್ಪರದೊಳಗೆ ಬಿಟ್ಟರು. ಎಲ್ಲಿ ಹೋದರೂ ಜನ ಯಾರು ಹೋದರೆಂದು ಕೇಳುತ್ತಿದ್ದರು. "ಯಾರೂ ಹೋಗಿಲ್ಲರಿ, ಕ್ಯಾಮೆರಾದ ಸಲುವಾಗಿ," ಎನ್ನುತ್ತಿದ್ದ. ಯಾರಿಗೂ ತಿಳಿಯುತ್ತಿರಲಿಲ್ಲ. ಹತ್ತಿ ಕಿತ್ತು ಕೂದಲು ಬಿಡು ಎಂದು ನಾನೇ ಒಮ್ಮೆ ಹೇಳಿದ್ದೆ. "ಅವ್ವ ಕೂಡಿಸಿದ್ದು ಸರಿ ಕೂತದ, ಇರ್ಲಿ ಬಿಡೋ," ಎಂದ.

ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ, ಹತ್ತಿರದ ದಾಯಾದಿಗಳೂ ಇರಲಿಲ್ಲ. ಅವನು ತೀರಿಕೊಂಡಾಗ ಸರಸ್ವತೀಬಾಯಿಯವರು ಕೇಳಿದ್ದರಿಂದ ಕ್ರಿಯೆಯನ್ನು ನಾನೇ ಮಾಡಿದೆ. ಅದೇ ಹೊಳೆದಂಡೆಯಲ್ಲಿ ಮೈಲಾರೆಪ್ಪ ನನ್ನ ತಲೆ ಬೋಳಿಸಿದ. ಹೆಲ್ಮೆಟ್ಟು ಸರಸ್ವತೀಬಾಯಿಯವರ ಹತ್ತಿರವೇ ಇದೆ, ಹತ್ತಿ ಹಾಗೇ ಇದೆ.

ಎಲ್ಲ ಮುಗಿಸಿ ಹಾವೇರಿಗೆ ಬಸ್ಸಿನಲ್ಲಿ ಮರಳುವಾಗ ಪಕ್ಕದಲ್ಲಿ ಕುಳಿತವರು ನನ್ನ ತಲೆ ನೋಡಿದರು.

"ಯಾರು ಹೋದ್ರುರಿ?"

ಋಷಿ ಹೇಳುತ್ತಿದ್ದ ಉತ್ತರ ಬಾಯಿಯವರೆಗೆ ಬಂತು.

"ಗೆಳೆಯಾ ಹೋದರಿ," ಎಂದೆ.